ಬೇಸ್ ಗಿಟಾರಿಗೆ ಸಿಂಥ್ ಪಿಕಪ್: ಕೂರಿಸುವುದು, ಹೊಂದಿಸುವುದು, ನುಡಿಸುವುದು

ಬೇಸ್ ಗಿಟಾರಿಗೆ ಸಿಂಥ್ ಪಿಕಪ್, ಅಂದರೆ ತಂತಿಯ ಕಂಪನವನ್ನು ಸಿಂಥಸೈಸರ್ (ಸಿಂಥ್) ಯಂತ್ರಕ್ಕೆ ಕಳಿಸುವ ಸಾಧನ, ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ಗಿಟಾರಿನಲ್ಲಿ ಸಲೀಸಾಗಿ ನಡೆಯುವ ಈ ಸಾಧನ ಬೇಸ್‌ನಲ್ಲಿ ಸ್ವಲ್ಪ ಹಟ ಮಾಡುತ್ತದೆ. ತಂತಿ ದಪ್ಪ, ಸ್ವರ ತಗ್ಗು. ಅದನ್ನು ಗುರುತಿಸಲು ಸಿಂಥ್‌ಗೆ ಹೆಚ್ಚು ಹೊತ್ತು ಬೇಕು. ಇದು ಗೊತ್ತಿಲ್ಲದೆ ದುಡ್ಡು ಸುರಿದವರು ಒಂದೆರಡು ವಾರ ಒದ್ದಾಡಿ, ಕೊನೆಗೆ ಪಿಕಪ್ಪನ್ನು ಡಬ್ಬಕ್ಕೆ ವಾಪಸ್ ಹಾಕಿಬಿಡುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಸರಿಯಾಗಿ ಕೂರಿಸಿ, ಸರಿಯಾದ ಕೆಲಸಕ್ಕೆ ಬಳಸಿದರೆ ಬೇಸ್ ನುಡಿಸುವವರಿಗೆ ಇದರಷ್ಟು ದಾರಿ ತೆರೆಯುವ ಸಾಧನ ಇನ್ನೊಂದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂಥ್ ಇರಬೇಕಾದದ್ದು ಬೇಸ್‌ನ ಮೇಲೆ, ಒಂದು ಪದರವಾಗಿ. ಕೆಳಗಿನ ಗಟ್ಟಿ ನಾದ ತಂತಿಯಿಂದಲೇ ಬರಲಿ. ಮುಂದಿನ ಸಲಹೆಗಳೆಲ್ಲ ಈ ನಂಬಿಕೆಯಿಂದಲೇ ಬಂದವು.

ಇದು ಮಾಡುವ ಕೆಲಸ ಏನು?

ಬೇಸ್‌ನ ಮಾಮೂಲಿ ಪಿಕಪ್ ನಾಲ್ಕೂ ತಂತಿಗಳ ಶಬ್ದವನ್ನು ಒಟ್ಟು ಸೇರಿಸಿ ಒಂದೇ ವೈರಿನಲ್ಲಿ ಕಳಿಸುತ್ತದೆ. ಎರಡು ತಂತಿ ಒಟ್ಟಿಗೆ ನುಡಿದರೆ ಯಾವ ಸ್ವರ ಯಾವ ತಂತಿಯದು ಅಂತ ಬೇರ್ಪಡಿಸುವುದು ಕಷ್ಟ. ಸಿಂಥ್ ಪಿಕಪ್ಪಿನಲ್ಲಿ ಪ್ರತಿ ತಂತಿಗೂ ಬೇರೆ ಸೆನ್ಸರ್ ಇರುತ್ತದೆ. ಪ್ರತಿ ತಂತಿಯ ಸಿಗ್ನಲ್ಲೂ ಬೇರೆಯಾಗಿಯೇ ಸಿಂಥ್ ತಲುಪುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ರೋಲ್ಯಾಂಡ್ ಕಂಪನಿಯ ಜಿಕೆ ಸರಣಿ. ಬೇಸ್‌ಗೆ ಜಿಕೆ-3ಬಿ. 4, 5, 6 ತಂತಿಯ ಬೇಸ್‌ಗಳಿಗೆ ಆಗುತ್ತದೆ. ಇದರಿಂದ ಹೊರಡುವುದು 13 ಪಿನ್‌ಗಳ ದಪ್ಪ ಕೇಬಲ್. ಆ ಪಿನ್‌ಗಳು ಏನೇನು ಹೊರುತ್ತವೆ ಅನ್ನುವುದು ಗೊತ್ತಿದ್ದರೆ ಮುಂದೆ ತೊಂದರೆ ಬಂದಾಗ ಹುಡುಕುವುದು ಸುಲಭ. 1ರಿಂದ 6 ತಂತಿಗಳಿಗೆ. 7ನೆಯದರಲ್ಲಿ ಬೇಸ್‌ನ ಮಾಮೂಲಿ ಪಿಕಪ್ಪಿನ ಶಬ್ದ. 8 ಪಿಕಪ್ಪಿನ ಮೇಲಿರುವ ವಾಲ್ಯೂಮ್ ಗುಂಡಿಗೆ. 10 ಮತ್ತು 11 ಎರಡು ಸ್ವಿಚ್‌ಗಳಿಗೆ. 12 ಮತ್ತು 13ರಲ್ಲಿ ಸಿಂಥ್‌ನಿಂದ ಪಿಕಪ್ಪಿಗೆ ಪ್ಲಸ್ 7, ಮೈನಸ್ 7 ವೋಲ್ಟ್ ಕರೆಂಟ್ ಬರುತ್ತದೆ. ಹಾಗಾಗಿ ಪಿಕಪ್ಪಿಗೆ ಬೇರೆ ಬ್ಯಾಟರಿ ಬೇಡ. ಒಂದೇ ಒಂದು ತಂತಿ ಸದ್ದು ಮಾಡದಿದ್ದರೆ ಆ ಒಂದು ಪಿನ್ ಬಾಗಿದೆಯಾ ಅಂತ ಮೊದಲು ನೋಡಿ.

ಯಾವ ಸಿಂಥ್ ಜೊತೆಗೆ?

ಕೊಳ್ಳುವಾಗ ಗೊಂದಲ ಶುರುವಾಗುವುದು ಇಲ್ಲೇ. ತಂತಿಯಿಂದ ಸಿಂಥ್ ಶಬ್ದ ಹುಟ್ಟಿಸಲು ಎರಡು ಬಗೆ ಇವೆ. ಮೊದಲನೆಯದರಲ್ಲಿ ಯಂತ್ರ ತಂತಿಯ ಸ್ವರ ಯಾವುದು ಅಂತ ಗುರುತಿಸಿ, ತನ್ನೊಳಗೆ ರೆಕಾರ್ಡ್ ಮಾಡಿಟ್ಟ ಪಿಯಾನೋ, ಸ್ಟ್ರಿಂಗ್ಸ್, ಕೊಳಲು ಯಾವುದಾದರೂ ಒಂದನ್ನು ಆ ಸ್ವರದಲ್ಲಿ ನುಡಿಸುತ್ತದೆ. ಗುರುತಿಸಲು ಹೊತ್ತು ಬೇಕು, ಆದ್ದರಿಂದ ತಡ ಆಗುತ್ತದೆ. ಎರಡನೆಯದು ಮಾಡೆಲಿಂಗ್. ಇಲ್ಲಿ ತಂತಿಯ ಕಂಪನವನ್ನೇ ತಿದ್ದಿ, ತೀಡಿ ಬೇರೆ ಶಬ್ದ ಮಾಡುತ್ತಾರೆ. ಸ್ವರ ಯಾವುದು ಅಂತ ಕಾದು ನೋಡುವ ಅಗತ್ಯವೇ ಇಲ್ಲ. ಬೆರಳು ತಾಗಿದ ಕೂಡಲೇ ಶಬ್ದ.

ರೋಲ್ಯಾಂಡ್‌ನ ಜಿಆರ್-55 ಎರಡನ್ನೂ ಮಾಡುತ್ತದೆ. 2011ರಲ್ಲಿ ಬಂದ ಇದರಲ್ಲಿ ಎರಡು ರೆಕಾರ್ಡ್ ಮಾಡಿದ ಟೋನ್, ಒಂದು ಮಾಡೆಲಿಂಗ್ ಟೋನ್, ಜೊತೆಗೆ ಮಾಮೂಲಿ ಪಿಕಪ್ಪಿನ ಶಬ್ದ, ಇಷ್ಟನ್ನೂ ಒಟ್ಟಿಗೆ ಬೆರೆಸಬಹುದು. ಬೇಸ್ ಮೋಡ್ ಕೂಡ ಇದೆ. 2020ರಲ್ಲಿ ಬಂದ ಬಾಸ್ ಕಂಪನಿಯ ಎಸ್‌ವೈ-1000ಕ್ಕೂ 13 ಪಿನ್ ಜಾಗ ಇದೆ, ಅದರ ಬಲ ಮಾಡೆಲಿಂಗ್. ಅದರಲ್ಲಿ ಅಸಲಿ ಪಿಯಾನೋ, ವಯಲಿನ್ ಹುಡುಕಬೇಡಿ, ಸಿಗುವುದಿಲ್ಲ. 2023ರಲ್ಲಿ ಬಾಸ್‌ನವರು ಹೊಸ ಸರಣಿ ತಂದರು. ಜಿಎಂ-800 ಸಿಂಥ್, ಬೇಸ್‌ಗೆ ಜಿಕೆ-5ಬಿ ಪಿಕಪ್. ಇದು 13 ಪಿನ್ ಬಿಟ್ಟು ಬೇರೆ ಡಿಜಿಟಲ್ ಕೇಬಲ್ ಬಳಸುತ್ತದೆ. ಹಳೆ ಪಿಕಪ್‌ಗೆ ಹೊಸ ಸಿಂಥ್ ಬೇಕೆಂದರೆ ಜಿಕೆಸಿ-ಎಡಿ ಅನ್ನುವ ಪೆಟ್ಟಿಗೆ ನಡುವೆ ಹಾಕಬೇಕು. ಹೊಸ ಪಿಕಪ್‌ಗೆ ಹಳೆ ಸಿಂಥ್ ಆದರೆ ಜಿಕೆಸಿ-ಡಿಎ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಈ ಒಂದು ವಿಷಯ ಮರೆತರೆ ಮನೆಗೆ ಬಂದಮೇಲೆ ಒಂದಕ್ಕೊಂದು ಹೊಂದುವುದಿಲ್ಲ.

ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುವವರು ನೀವಾದರೆ, ಬರೀ ದಪ್ಪನೆಯ ಸಿಂಥ್ ಬೇಸ್ ಶಬ್ದ ಸಾಕು ಅನ್ನುವುದಾದರೆ, ಈ ಪಿಕಪ್ಪೇ ಬೇಡ. ಬಾಸ್‌ನ ಎಸ್‌ವೈ-1, ಎಸ್‌ವೈ-200 ಪೆಡಲ್‌ಗಳು ಮಾಮೂಲಿ ಕೇಬಲ್ಲಿನಲ್ಲೇ ಕೆಲಸ ಮಾಡುತ್ತವೆ. ಮಿಡಿ (ಸ್ವರದ ಮಾಹಿತಿಯನ್ನು ಕಂಪ್ಯೂಟರಿಗೋ ಬೇರೆ ಯಂತ್ರಕ್ಕೋ ಕಳಿಸುವ ಸಂಕೇತ) ಬೇಕಾದರೆ ಸೋನಸ್ ಬಿ2ಎಂ ಅನ್ನುವ ಚಿಕ್ಕ ಪೆಟ್ಟಿಗೆ ಇದೆ, ಅದು ಒಂದು ಹೊತ್ತಿಗೆ ಒಂದೇ ಸ್ವರಕ್ಕೆ. ಬೇರೆ ಬೇರೆ ತಂತಿಗೆ ಬೇರೆ ಬೇರೆ ಶಬ್ದ, ಎರಡು ಮೂರು ಸ್ವರ ಒಟ್ಟಿಗೆ ಬೇಕು ಅನ್ನುವವರು ಮುಂದೆ ಓದಿ.

ಪಿಕಪ್ ಬಿಚ್ಚುವ ಮೊದಲು ಬೇಸ್ ನೋಡಿ

ಜಿಕೆ-3ಬಿ ಆಯಸ್ಕಾಂತದ ಪಿಕಪ್. ಉಕ್ಕಿನ ತಂತಿ ಇರಲೇಬೇಕು. ರೌಂಡ್‌ವೌಂಡ್, ಫ್ಲಾಟ್‌ವೌಂಡ್ ಎರಡೂ ಆಗುತ್ತವೆ. ನೈಲಾನ್ ತಂತಿ ಅಥವಾ ಕಂಚು ಸುತ್ತಿದ ಅಕೌಸ್ಟಿಕ್ ಬೇಸ್ ತಂತಿ ಇದ್ದರೆ ಪೀಜೋ ಬಗೆಗೆ (ಆಯಸ್ಕಾಂತ ಇಲ್ಲದೆ, ತಂತಿಯ ಒತ್ತಡದಿಂದ ಕಂಪನ ಹಿಡಿಯುವಂಥದ್ದು) ಹೋಗಿ. ಗ್ರಾಫ್‌ಟೆಕ್ ಕಂಪನಿಯ ಗೋಸ್ಟ್, ಆರ್‌ಎಂಸಿ ಇಂಥವು ಬ್ರಿಜ್ಜಿನ ಸ್ಯಾಡಲ್ ಒಳಗೇ ಸೆನ್ಸರ್ ಇಟ್ಟಿರುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೂ ಅಡ್ಡ ಬರುವುದಿಲ್ಲ. ಆದರೆ ಬ್ರಿಜ್ ಬಿಚ್ಚಬೇಕು, ಒಳಗೆ ಸರ್ಕ್ಯೂಟ್ ಕೂರಿಸಬೇಕು. ಅದು ನುರಿತ ಗಿಟಾರ್ ರಿಪೇರಿಯವರ ಕೆಲಸ.

ಬ್ರಿಜ್ ಮತ್ತು ಅದರ ಪಕ್ಕದ ಪಿಕಪ್ ನಡುವೆ ಬೆರಳಿನಷ್ಟು ಅಗಲದ ಜಾಗ ಇದೆಯಾ ನೋಡಿ. ತಂತಿಯಿಂದ ಮರದವರೆಗಿನ ಅಂತರ ಪಿಕಪ್ ಪಟ್ಟಿಯ ದಪ್ಪಕ್ಕಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ಮರ ಕೆತ್ತಬೇಕಾಗುತ್ತದೆ. ಬೇಸ್ ಹಳೆಯದು, ಬೆಲೆಬಾಳುವಂಥದ್ದಾದರೆ ದಯವಿಟ್ಟು ಕೆತ್ತಿಸಬೇಡಿ. ಕಡಿಮೆ ಬೆಲೆಯ ಇನ್ನೊಂದು ಬೇಸ್ ಇದಕ್ಕೇ ಅಂತ ಇಟ್ಟುಕೊಳ್ಳುವುದು ವಾಸಿ.

ಇನ್ನೊಂದು, ಬಹಳ ಜನ ಬಿಡುವ ಕೆಲಸ: ಬೇಸ್‌ನ ಸೆಟಪ್. ಫ್ರೆಟ್‌ಗೆ ತಂತಿ ತಾಗಿ ಚರ್ ಅನ್ನುತ್ತಿದ್ದರೆ ನಿಮ್ಮ ಕಿವಿ ಅದನ್ನು ಬಿಟ್ಟುಬಿಡುತ್ತದೆ. ಸಿಂಥ್ ಬಿಡುವುದಿಲ್ಲ. ಅದಕ್ಕೆ ಅದೊಂದು ಹೊಸ ಸ್ವರ. ತಂತಿಯ ಎತ್ತರ, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಶ್ರುತಿಯಲ್ಲಿರುವುದು) ಸರಿ ಮಾಡಿಸಿ. ಹಳೆ ತಂತಿ ಬದಲಾಯಿಸಿ. ತುಕ್ಕು ಹಿಡಿದು ಸತ್ತ ತಂತಿಯ ಕಂಪನ ಸಮನಾಗಿರುವುದಿಲ್ಲ, ಯಂತ್ರ ತಪ್ಪು ಸ್ವರ ಹಿಡಿಯುತ್ತದೆ.

ಕೂರಿಸುವುದು

ಮೊದಲ ಸಲ ಸ್ಕ್ರೂ ಹಾಕಬೇಡಿ. ಡಬಲ್ ಸೈಡ್ ಟೇಪ್‌ನಲ್ಲೇ ಕೂರಿಸಿ, ಕೆಲವು ದಿನ ನುಡಿಸಿ, ಜಾಗ ಸರಿ ಅನ್ನಿಸಿದಮೇಲೆ ಬೇಕಾದರೆ ರಂಧ್ರ ಕೊರೆಯಿರಿ. ಟೇಪ್ ಹಚ್ಚುವ ಮುಂಚೆ ಮರದ ಮೇಲಿನ ಬೆವರು, ಎಣ್ಣೆ ಒರೆಸಿ. ಹಳೆ ನೈಟ್ರೋ ಪಾಲಿಶ್ ಇರುವ ಬೇಸ್ ಆದರೆ ಟೇಪ್ ನೇರ ಹಚ್ಚಬೇಡಿ, ಪಾಲಿಶ್ ಎದ್ದು ಬರುತ್ತದೆ.

ಪಟ್ಟಿ ಬ್ರಿಜ್ಜಿಗೆ ಆದಷ್ಟು ಹತ್ತಿರ ಇರಲಿ. ಅಲ್ಲಿ ತಂತಿಯ ಆಟ ಕಡಿಮೆ, ಸಿಗ್ನಲ್ ಸ್ಥಿರ. ಪ್ರತಿ ತಂತಿಯೂ ತನ್ನ ಸೆನ್ಸರ್‌ನ ನಡುವೆಯೇ ಹಾಯಬೇಕು. ಎರಡು ಸೆನ್ಸರ್‌ಗಳ ಮಧ್ಯೆ ತಂತಿ ಬಂದರೆ ಪಕ್ಕದ ತಂತಿಯ ಶಬ್ದವೂ ಎದ್ದು ರಗಳೆ ಶುರುವಾಗುತ್ತದೆ. ಪಟ್ಟಿಯ ದಿಕ್ಕು ಕೂಡ ನೋಡಿ. ತಿರುಗುಮುರುಗಾದರೆ ದಪ್ಪನೆಯ ಇ (E) ತಂತಿ ಮೀಟಿದಾಗ ಸಿಂಥ್ ಅದನ್ನು ಜಿ ತಂತಿ ಅಂದುಕೊಳ್ಳುತ್ತದೆ.

ಈಗ ಎತ್ತರ. ಇದರಲ್ಲಿ ಅವಸರ ಬೇಡ. ಪ್ರತಿ ತಂತಿಯನ್ನೂ ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಆಗ ತಂತಿಯ ಅಡಿ ಮತ್ತು ಸೆನ್ಸರ್ ನಡುವಿನ ಸಂದು ಅಳೆಯಬೇಕು. ಮೆಕ್ಯಾನಿಕ್‌ಗಳ ಉಕ್ಕಿನ ಫೀಲರ್ ಗೇಜ್ ಇಲ್ಲಿ ಬೇಡ, ಅದು ಆಯಸ್ಕಾಂತಕ್ಕೆ ಅಂಟಿಕೊಂಡು ಅಳತೆ ಕೆಡುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡ್ ಎರಡು ತೆಗೆದುಕೊಳ್ಳಿ. ಉಬ್ಬಿದ ಅಕ್ಷರ ಇಲ್ಲದ ಸಪಾಟು ಕಾರ್ಡ್ ಇರಲಿ. ಒಂದರ ದಪ್ಪ 0.76 ಮಿಲಿಮೀಟರ್. ತೆಳ್ಳನೆಯ ಜಿ ತಂತಿಯ ಕೆಳಗೆ ಒಂದು ಕಾರ್ಡ್ ಸರಾಗವಾಗಿ ಹೋಗಬೇಕು, ಎರಡು ಸೇರಿಸಿದರೆ ತಡೆಯಬೇಕು. ಇ ತಂತಿಯ ಕೆಳಗೆ ಎರಡೂ ಕಾರ್ಡ್ ಸೇರಿ ಮೆಲ್ಲಗೆ ಉಜ್ಜಿಕೊಂಡು ಹೋಗಲಿ. ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ದಪ್ಪ ತಂತಿ ಜಾಸ್ತಿ ಅಗಲಕ್ಕೆ ಆಡುತ್ತದೆ, ಅದಕ್ಕೆ ಆ ಜಾಗ ಬೇಕು. ಇದು ಶುರುವಿನ ಅಳತೆ. ಆಮೇಲೆ ಜೋರಾಗಿ ಮೀಟಿ ನೋಡಿ. ತಂತಿ ಪಟ್ಟಿಗೆ ಬಡಿದರೆ ಇನ್ನಷ್ಟು ಇಳಿಸಿ. ಎಲ್ಲ ಸರಿ ಇದ್ದೂ ಸ್ವರ ಉದ್ದಕ್ಕೆ ನಿಲ್ಲದೆ ಬೇಗ ಸಾಯುತ್ತಿದ್ದರೆ ಒಂಚೂರು ಏರಿಸಿ. ಫ್ರೆಟ್‌ಬೋರ್ಡ್ ಸ್ವಲ್ಪ ಬಾಗಿರುವುದರಿಂದ ಎರಡು ತುದಿ ಸರಿಯಾದರೆ ಸಾಲದು, ನಡುವಿನ ಎ ಮತ್ತು ಡಿ ತಂತಿಗಳನ್ನೂ ಅಳೆಯಿರಿ.

ನಿಯಂತ್ರಣದ ಪೆಟ್ಟಿಗೆಯನ್ನು ಬೇಸ್‌ನ ಕೆಳಬದಿಗೆ, ಮೊಣಕೈ ತಾಗದ ಕಡೆ ಹಾಕಿ. ಬೇಸ್‌ನ ಔಟ್‌ಪುಟ್‌ನಿಂದ ಆ ಪೆಟ್ಟಿಗೆಗೆ ಒಂದು ಮೋಟು ಕೇಬಲ್ ಹೋಗಬೇಕು. ಇದು ಹಾಕದಿದ್ದರೆ ಮಾಮೂಲಿ ಬೇಸ್ ಶಬ್ದ 7ನೇ ಪಿನ್‌ಗೆ ಬರುವುದೇ ಇಲ್ಲ. ಸಿಂಥ್ ಮಾತ್ರ ಕೇಳುತ್ತಿದೆ, ಬೇಸ್ ಇಲ್ಲ ಅನ್ನುವ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಇನ್ನೊಂದು ಕಾರಣ, ಪೆಟ್ಟಿಗೆಯ ಮೇಲಿನ ಮೂರು ಸ್ಥಾನದ ಸ್ವಿಚ್. ಅದರಲ್ಲಿ ಬರೀ ಸಿಂಥ್, ಬರೀ ಬೇಸ್, ಎರಡೂ ಅಂತ ಮೂರು ಜಾಗ ಇವೆ. ನಡುವೆ ಇಟ್ಟುಬಿಡಿ.

ಕೇಬಲ್ ಹಾಕುವಾಗ ಸಿಂಥ್ ಆಫ್ ಇರಲಿ. 13 ಪಿನ್‌ನ ತುದಿಯನ್ನು ನೇರ ಹಿಡಿದು ಒತ್ತಿ, ತಿರುಚಬೇಡಿ. ಬಿಚ್ಚುವಾಗ ಲಾಕ್ ಒತ್ತಿ ಹಿಡಿದೇ ಎಳೆಯಬೇಕು.

ಸಿಂಥ್ ಒಳಗಿನ ಹೊಂದಿಕೆ

ಯಂತ್ರಕ್ಕೆ ನಿಮ್ಮ ಬೇಸ್ ಯಾವುದು ಅಂತ ಹೇಳಿಕೊಡದೆ ನುಡಿಸಲು ಕೂರಬೇಡಿ. ಮೆನುವಿನಲ್ಲಿ ಜಿಕೆ ಸೆಟ್ಟಿಂಗ್ ಅನ್ನುವ ಪುಟ ಇರುತ್ತದೆ. ಗಿಟಾರ್ ಮೋಡ್‌ನಲ್ಲಿದ್ದರೆ ಬೇಸ್ ಮೋಡ್‌ಗೆ ಬದಲಿಸಿ. ಪಿಕಪ್ ಬಗೆ ಆರಿಸಿ: ಜಿಕೆ-3ಬಿಯೋ, ಪೀಜೋನೋ. ಸ್ಕೇಲ್ ಉದ್ದ, ಅಂದರೆ ತಂತಿಯ ನುಡಿಯುವ ಭಾಗದ ಉದ್ದ ಕೊಡಿ. ಸಾಮಾನ್ಯ ಬೇಸ್ 34 ಇಂಚು, ಅಂದರೆ 864 ಮಿಲಿಮೀಟರ್. ಬ್ರಿಜ್‌ನಿಂದ ಪಿಕಪ್‌ಗೆ ಎಷ್ಟು ದೂರ ಅಂತ ಕೇಳಿದರೆ ಪ್ರತಿ ತಂತಿಗೂ ಅಳತೆಪಟ್ಟಿ ಇಟ್ಟು ಅಳೆದೇ ಹಾಕಿ. ಅಂದಾಜು ಬೇಡ. ಮಾಡೆಲಿಂಗ್ ಶಬ್ದ ಸಹಜವಾಗಿ ಬರುವುದು ಈ ಅಳತೆಯ ಮೇಲೆಯೇ ನಿಂತಿದೆ.

ಆಮೇಲೆ ಸೆನ್ಸಿಟಿವಿಟಿ, ಅಂದರೆ ಎಷ್ಟು ಮೆಲ್ಲಗಿನ ಮೀಟಿಗೂ ಯಂತ್ರ ಸ್ಪಂದಿಸಬೇಕು ಅನ್ನುವುದು. ಒಂದೊಂದೇ ತಂತಿಯನ್ನು, ಕಾರ್ಯಕ್ರಮದಲ್ಲಿ ಎಷ್ಟು ಜೋರಾಗಿ ಮೀಟುತ್ತೀರೋ ಅಷ್ಟೇ ಜೋರಾಗಿ ಮೀಟಿ. ಮನೆಯಲ್ಲಿ ಕೂತು ಮೆಲ್ಲಗೆ ಮೀಟಿ ಹೊಂದಿಸಿದರೆ ವೇದಿಕೆಯಲ್ಲಿ ಎಲ್ಲವೂ ಮಿತಿ ಮೀರುತ್ತದೆ. ಮೀಟರ್ ತುದಿಯ ಹತ್ತಿರ ಹೋಗಬೇಕು, ತುದಿಯಲ್ಲೇ ಅಂಟಿಕೊಳ್ಳಬಾರದು. ಆಮೇಲೆ ತೀರಾ ಮೆಲ್ಲಗೆ ಮೀಟಿ, ಆಗಲೂ ಸ್ವರ ಹುಟ್ಟುತ್ತದೆಯಾ ನೋಡಿ. ಕೊನೆಗೆ ತಂತಿಯನ್ನು ಮೀಟದೆ ಸುಮ್ನೆ ಬೆರಳಿಟ್ಟು ಎತ್ತಿ. ಸದ್ದು ಬಂದರೆ ಸೆನ್ಸಿಟಿವಿಟಿ ಜಾಸ್ತಿ ಆಗಿದೆ ಅಂತ ಅರ್ಥ. ಸ್ಲ್ಯಾಪ್ ಮಾಡುವವರು ಅದಕ್ಕೆ ಬೇರೆ ಹೊಂದಿಕೆ ಮಾಡಿ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಹೆಬ್ಬೆರಳ ಪೆಟ್ಟಿಗೂ ಬೆರಳ ಮೀಟಿಗೂ ಇರುವ ವ್ಯತ್ಯಾಸ ಒಂದೇ ಸೆಟ್ಟಿಂಗ್‌ನಲ್ಲಿ ಹಿಡಿಯುವುದಿಲ್ಲ.

ತಡ: ಎಲ್ಲಿಂದ ಬರುತ್ತದೆ, ಹೇಗೆ ತಪ್ಪಿಸುವುದು

ಬೇಸ್‌ನ ಓಪನ್ ಇ ತಂತಿ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಒಂದು ಸುತ್ತು ಮುಗಿಯಲು 24 ಮಿಲಿಸೆಕೆಂಡ್. ಸ್ವರ ಯಾವುದು ಅಂತ ಹೇಳಬೇಕಾದರೆ ಯಂತ್ರ ಕನಿಷ್ಠ ಒಂದು ಸುತ್ತನ್ನಾದರೂ ನೋಡಬೇಕು. ಖಚಿತವಾಗಿ ಹೇಳಬೇಕಾದರೆ ಎರಡು. ಎರಡು ಸುತ್ತೆಂದರೆ ಸುಮಾರು 48 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಹದಿನಾರು ಮೀಟರ್ ಹೋಗುತ್ತದೆ. ಆಂಪ್ಲಿಫೈಯರನ್ನು ಹದಿನಾರು ಮೀಟರ್ ದೂರ ಇಟ್ಟುಕೊಂಡು ಮೃದಂಗದವರ ಜೊತೆ ತಾಳ ಹಿಡಿಯಲು ಆಗುತ್ತದಾ? 5 ತಂತಿಯ ಬೇಸ್‌ನ ಓಪನ್ ಬಿ ಇನ್ನೂ ತಗ್ಗು, 30.9 ಹರ್ಟ್ಜ್. ಅಲ್ಲಿ ಒಂದು ಸುತ್ತಿಗೇ 32 ಮಿಲಿಸೆಕೆಂಡ್ ಬೇಕು.

ಮೇಲಿನ ತಂತಿಗಳಿಗೆ ಹೋಗುತ್ತ ಕಥೆ ಬದಲಾಗುತ್ತದೆ. ಎ ತಂತಿಗೆ 18, ಡಿ ತಂತಿಗೆ 13.6, ಜಿ ತಂತಿಗೆ 10 ಮಿಲಿಸೆಕೆಂಡ್. ಗಿಟಾರಿನ ಅತಿ ದಪ್ಪ ತಂತಿಗೆ 12. ಅಂದರೆ ಬೇಸ್‌ನ ಡಿ ಮತ್ತು ಜಿ ತಂತಿಗಳು ಗಿಟಾರಿನ ದಪ್ಪ ತಂತಿಗಳ ಮಟ್ಟದಲ್ಲೇ ಇವೆ. ತೊಂದರೆ ಇರುವುದು ಇ ಮತ್ತು ಎ ತಂತಿಗಳ ಕೆಳಗಿನ ಫ್ರೆಟ್‌ಗಳಲ್ಲಿ ಮಾತ್ರ. ಯಾವ ದುಬಾರಿ ಯಂತ್ರ ತಂದರೂ ಇದು ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಇದು ತಂತಿಯ ಗುಣ. ಈ ಕಾರಣಕ್ಕೇ ಸ್ಟೀವ್ ಚಿಕ್ ಅನ್ನುವ ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದರು. ಫ್ರೆಟ್‌ಗಳಿಗೇ ವೈರ್ ಎಳೆದು, ತಂತಿ ಯಾವ ಫ್ರೆಟ್‌ಗೆ ತಾಗಿದೆ ಅನ್ನುವುದರಿಂದಲೇ ಸ್ವರ ತಿಳಿಯುವ ಬೇಸ್ ಮಾಡಿದರು. ಪೀವಿ ಕಂಪನಿ 1990ರ ದಶಕದಲ್ಲಿ ಅಂಥ ಬೇಸ್‌ಗಳನ್ನು ಮಾರಿತು. ಕಂಪನ ಎಣಿಸುವ ಗೊಡವೆಯೇ ಅದರಲ್ಲಿಲ್ಲ.

ನಮ್ಮ ಕೈಲಿರುವ ಪಿಕಪ್‌ನಲ್ಲಿ ಮೂರು ಉಪಾಯ ಮಾಡಬಹುದು.

ಮೊದಲನೆಯದು, ತಗ್ಗಿನ ಶಬ್ದಕ್ಕೆಲ್ಲ ಮಾಡೆಲಿಂಗ್ ಅಥವಾ ಅಸಲಿ ಬೇಸ್. ರೆಕಾರ್ಡ್ ಮಾಡಿದ ಟೋನ್‌ಗಳನ್ನು ಇ ಮತ್ತು ಎ ತಂತಿಗಳಿಂದ ತೆಗೆದುಬಿಡಿ. ಜಿಆರ್-55ರಲ್ಲಿ ಪ್ರತಿ ಟೋನ್‌ಗೂ ತಂತಿವಾರು ಲೆವೆಲ್ ಕೊಡಬಹುದು. ಆ ಎರಡಕ್ಕೆ ಸೊನ್ನೆ ಮಾಡಿ.

ಎರಡನೆಯದು, ಒಂದು ಸ್ಥಾಯಿ ಮೇಲೆ ನುಡಿಸಿ ಸಿಂಥ್ ಅನ್ನು ಒಂದು ಸ್ಥಾಯಿ ಕೆಳಗೆ ಇಳಿಸುವುದು. ಡಿ ತಂತಿಯ 2ನೇ ಫ್ರೆಟ್‌ನಲ್ಲಿ ಸಿಗುವ ಇ ಸ್ವರ 82.4 ಹರ್ಟ್ಜ್. ಸಿಂಥ್‌ನ ಟ್ರಾನ್ಸ್‌ಪೋಸ್ ಮೈನಸ್ 12 ಮಾಡಿದರೆ ಅದೇ ಮೀಟಿಗೆ ಓಪನ್ ಇ ತಂತಿಯ ಮಂದ್ರ ಕೇಳುತ್ತದೆ, ಅರ್ಧ ಹೊತ್ತಿನಲ್ಲಿ. ಆದರೆ ಆಗ ಅಸಲಿ ಬೇಸ್ ಒಂದು ಸ್ಥಾಯಿ ಮೇಲೆ ನುಡಿಯುತ್ತಿರುತ್ತದೆ. ಅದು ಬೇಡವೆಂದರೆ ಸ್ವಿಚ್ಚನ್ನು ಸಿಂಥ್ ಕಡೆಗೆ ತಳ್ಳಿ.

ಮೂರನೆಯದು ಶಬ್ದದ ಆಯ್ಕೆ. ಮೆಲ್ಲಗೆ ಅರಳುವ ಶಬ್ದಕ್ಕೆ ತಡ ಗೊತ್ತಾಗುವುದಿಲ್ಲ. ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಮೆತ್ತನೆ ನಾದ), ಸ್ಟ್ರಿಂಗ್ಸ್, ಕ್ವಾಯರ್, ಮೆತ್ತನೆ ಬ್ರಾಸ್ ಇವೆಲ್ಲ ಬೇಸ್‌ನಲ್ಲಿ ಚೆನ್ನಾಗಿ ಕೂರುತ್ತವೆ. ಪಿಯಾನೋ, ಮರಿಂಬಾ, ಡ್ರಮ್ ಶಬ್ದಗಳು ಕೂರುವುದಿಲ್ಲ, ಒತ್ತಾಯ ಮಾಡಬೇಡಿ. ಮೀಟಿನ ಮೊದಲ ಪೆಟ್ಟನ್ನು ಅಸಲಿ ಬೇಸ್ ಕೊಡಲಿ, ಅದರ ಬಾಲವನ್ನು ಸಿಂಥ್ ಹಿಡಿದುಕೊಳ್ಳಲಿ. ಕೇಳುವವರಿಗೆ ಒಂದೇ ವಾದ್ಯದಂತೆ ಕೇಳುತ್ತದೆ.

ಕೈ ಬದಲಾಗಬೇಕು

ಒಳ್ಳೆಯ ಬೇಸ್ ವಾದಕರೂ ಮೊದಲ ದಿನ ಇದರಲ್ಲಿ ತಡವರಿಸುತ್ತಾರೆ. ಕಾರಣ ಒಂದೇ, ಮ್ಯೂಟಿಂಗ್, ಅಂದರೆ ನುಡಿಸದ ತಂತಿಗಳನ್ನು ಸುಮ್ಮನಿರಿಸುವುದು. ಬೇಸ್‌ನಲ್ಲಿ ನಾವು ಬಿಟ್ಟ ತಂತಿ ಸಣ್ಣಗೆ ಗುಂಯ್‌ಗುಡುತ್ತಲೇ ಇರುತ್ತದೆ, ಯಾರಿಗೂ ಕೇಳುವುದಿಲ್ಲ. ಸಿಂಥ್ ಅದನ್ನೇ ಹಿಡಿದು ಪೂರ್ತಿ ಸ್ಟ್ರಿಂಗ್ಸ್ ತಂಡ ನುಡಿಸಿಬಿಡುತ್ತದೆ. ಬಲಗೈ ಹೆಬ್ಬೆರಳನ್ನು ಪಿಕಪ್ ಮೇಲೆ ಊರಿ ಅಲ್ಲೇ ಬಿಡುವ ಅಭ್ಯಾಸ ಇದ್ದರೆ ಬಿಟ್ಟು, ಹೆಬ್ಬೆರಳು ತಂತಿಯಿಂದ ತಂತಿಗೆ ಹಿಂಬಾಲಿಸುವುದನ್ನು ಕಲಿಯಿರಿ. ಜಿ ತಂತಿ ನುಡಿಸುವಾಗ ಹೆಬ್ಬೆರಳು ಇ ಮತ್ತು ಎ ತಂತಿಗಳ ಮೇಲೆ ಮಲಗಿರಬೇಕು. ಎಡಗೈಯ ಖಾಲಿ ಬೆರಳುಗಳು ಉಳಿದ ತಂತಿಗಳನ್ನು ಮೆಲ್ಲಗೆ ಮುಟ್ಟಿಕೊಂಡಿರಲಿ.

ಅಭ್ಯಾಸಕ್ಕೆ ಆರ್ಗನ್ ಶಬ್ದ ಹಾಕಿಕೊಳ್ಳಿ. ಆರ್ಗನ್ ಯಾವ ತಪ್ಪನ್ನೂ ಮುಚ್ಚುವುದಿಲ್ಲ. ನಿಮಗೆ ಗೊತ್ತಿರುವ ಸರಳೆ ವರಿಸೆಯನ್ನೇ ನಿಧಾನಕ್ಕೆ ನುಡಿಸಿ. ಪ್ರತಿ ಸ್ವರ ಶುರುವಾಗುವ ಜಾಗ, ಮುಗಿಯುವ ಜಾಗ ಎರಡೂ ಶುದ್ಧವಾಗಿ ಕೇಳಬೇಕು. ಸ್ವರ ಮುಗಿಸುವುದು ಎಡಗೈ ಬೆರಳು ಸಡಿಲಿಸುವುದರಿಂದ ಆಗುತ್ತದೆ. ಬೆರಳನ್ನು ಪೂರ್ತಿ ಎತ್ತಿದರೆ ಓಪನ್ ತಂತಿ ನುಡಿಯುತ್ತದೆ, ಆದ್ದರಿಂದ ತಂತಿಯ ಮೇಲೇ ಇರಲಿ. ಘೋಸ್ಟ್ ನೋಟ್‌ಗಳನ್ನು (ತಂತಿ ಒತ್ತದೆ ಟಪ್ ಅನ್ನಿಸುವ ಮೀಟು) ಸಿಂಥ್ ಆನ್ ಇರುವಾಗ ಬಿಟ್ಟುಬಿಡಿ. ಅವಕ್ಕೆ ಸ್ವರ ಇಲ್ಲ, ಯಂತ್ರ ಬಾಯಿಗೆ ಬಂದ ಸ್ವರ ಹೇಳುತ್ತದೆ.

ಮೀಟುವ ಜಾಗವೂ ಮುಖ್ಯ. ಬ್ರಿಜ್‌ನ ತೀರಾ ಪಕ್ಕ ಮೀಟಿದರೆ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿಯಾಗಿ ಒಂದು ಸ್ಥಾಯಿ ಮೇಲಿನ ಸ್ವರ ಹಾರಿಬರುತ್ತದೆ. ಎರಡು ಪಿಕಪ್‌ಗಳ ನಡುವೆ, ಬೆರಳ ತುದಿಯ ಮಾಂಸದಿಂದ ಮೀಟಿ. ಉಗುರು ತಾಗದಿರಲಿ.

ಈ ಪಿಕಪ್‌ನಿಂದ ನನಗೆ ಅತಿ ಹೆಚ್ಚು ಖುಷಿ ಸಿಕ್ಕಿರುವುದು ಎರಡು ಸ್ವರದ ಕಾರ್ಡ್‌ಗಳಲ್ಲಿ. ಇ ತಂತಿಯ 3ನೇ ಫ್ರೆಟ್ ಹಿಡಿದರೆ ಜಿ ಸ್ವರ. ಅದರ ಜೊತೆ ಜಿ ತಂತಿಯ 4ನೇ ಫ್ರೆಟ್‌ನಲ್ಲಿ ಬಿ. ಹೆಬ್ಬೆರಳಿನಿಂದ ಕೆಳಗಿನದು, ಬೆರಳಿನಿಂದ ಮೇಲಿನದು, ಒಟ್ಟಿಗೆ ಮೀಟಿ. ಸಿಂಥ್ ಡಿ ಮತ್ತು ಜಿ ತಂತಿಗಳಿಗೆ ಮಾತ್ರ ಇಟ್ಟಿದ್ದರೆ ಕೆಳಗೆ ಶುದ್ಧ ಬೇಸ್, ಮೇಲೆ ಸ್ಟ್ರಿಂಗ್ಸ್. ಮೇಜರ್ ಕಾರ್ಡ್‌ನ ಭಾವ ಪೂರ್ತಿ ಬರುತ್ತದೆ. ಮೇಲಿನ ಸ್ವರ 3ನೇ ಫ್ರೆಟ್‌ಗೆ ಇಳಿಸಿದರೆ ಮೈನರ್. ಕೀಬೋರ್ಡ್‌ನವರು ಒಬ್ಬರೇ ಇರುವ ಆರ್ಕೆಸ್ಟ್ರಾದಲ್ಲಿ, ಅವರು ಕೊಳಲಿನ ಬಿಟ್ ನುಡಿಸುವಾಗ ಹಿಂದಿನ ಪ್ಯಾಡ್ ಬಿಟ್ಟುಹೋಗುತ್ತದೆ ಅಲ್ವಾ? ಆ ಖಾಲಿಯನ್ನು ಬೇಸ್‌ನವರೇ ತುಂಬಬಹುದು.

ಗಮಕ ಬೇಕಾದರೆ

ಫ್ರೆಟ್‌ಲೆಸ್ ಬೇಸ್‌ನಲ್ಲಿ ಜಾರು, ಕಂಪಿತ ನುಡಿಸುವವರು ಒಂದು ಸೆಟ್ಟಿಂಗ್ ಹುಡುಕಿ ಆಫ್ ಮಾಡಬೇಕು: ಕ್ರೋಮ್ಯಾಟಿಕ್. ಅದು ಆನ್ ಇದ್ದರೆ ಸಿಂಥ್ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆ. ನಡುವಿನ ಎಳೆ ಸಿಗುವುದಿಲ್ಲ. ಆಫ್ ಮಾಡಿದರೆ ಬೆರಳು ಜಾರಿದಂತೆ ಶಬ್ದವೂ ಜಾರುತ್ತದೆ.

ಕಂಪ್ಯೂಟರಿಗೆ ಮಿಡಿ ಕಳಿಸುವಾಗ ಇನ್ನೆರಡು ಎಚ್ಚರ. ಮಿಡಿ ಮೋನೋ ಮೋಡ್‌ನಲ್ಲಿರಲಿ, ಆಗ ಪ್ರತಿ ತಂತಿಗೂ ಬೇರೆ ಚಾನೆಲ್. ಒಂದೇ ಚಾನೆಲ್‌ನಲ್ಲಿ ಕಳಿಸಿದರೆ ಜಿ ತಂತಿಯ ಗಮಕಕ್ಕೆ ಡಿ ತಂತಿಯ ಸ್ವರವೂ ಬಾಗುತ್ತದೆ. ಎರಡನೆಯದು ಬೆಂಡ್ ರೇಂಜ್, ಅಂದರೆ ಸ್ವರ ಎಷ್ಟು ಅರ್ಧ ಸ್ವರಗಳವರೆಗೆ ಬಾಗಬಹುದು ಅನ್ನುವ ಮಿತಿ. ಸಿಂಥ್ 24 ಅಂತ ಕಳಿಸುತ್ತಿದ್ದರೆ ಕಂಪ್ಯೂಟರಿನ ವಾದ್ಯದಲ್ಲೂ 24 ಇರಬೇಕು. ಅಲ್ಲಿ 2 ಇದ್ದರೆ ಪಂಚಮದವರೆಗೆ ಜಾರಿದ್ದು ಅರ್ಧ ಸ್ವರದಷ್ಟೂ ಜಾರಿದಂತೆ ಕೇಳುವುದಿಲ್ಲ. ಕಂಪ್ಯೂಟರಿನ ಆಡಿಯೋ ಬಫರ್ 128 ಸ್ಯಾಂಪಲ್ ಇಟ್ಟುಕೊಳ್ಳಿ, 48 ಕಿಲೋಹರ್ಟ್ಜ್‌ನಲ್ಲಿ ಅದು ಮೂರು ಮಿಲಿಸೆಕೆಂಡ್‌ಗೂ ಕಡಿಮೆ. ತಂತಿಯ ತಡದ ಮೇಲೆ ಕಂಪ್ಯೂಟರಿನ ತಡವೂ ಸೇರಬಾರದು. ರೆಕಾರ್ಡ್ ಆದಮೇಲೆ ಚೂರುಪಾರು ಕಳ್ಳ ಸ್ವರಗಳು ಇದ್ದೇ ಇರುತ್ತವೆ. ತೀರಾ ಗಿಡ್ಡವಾಗಿರುವ, ವೆಲಾಸಿಟಿ (ಮೀಟಿನ ಜೋರು) ಕಡಿಮೆ ಇರುವ ಸ್ವರಗಳನ್ನು ಒಟ್ಟಿಗೆ ಆರಿಸಿ ಅಳಿಸಿ.

ವೇದಿಕೆಯ ಮೇಲೆ

ಬೇಸ್ ಮತ್ತು ಸಿಂಥ್ ಎರಡನ್ನೂ ಒಂದೇ ಬೇಸ್ ಆಂಪ್‌ಗೆ ಕೊಡಬೇಡಿ. ಎಲ್ಲ ಸೇರಿ ಕಲಸುಮೇಲೋಗರ ಆಗುತ್ತದೆ. ಬೇಸ್ ಆಂಪ್‌ಗೆ ಹೋಗಲಿ, ಸಿಂಥ್ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಮೂಲಕ ಮಿಕ್ಸರ್‌ಗೆ ಹೋಗಲಿ. ಸಿಂಥ್ ಚಾನೆಲ್‌ನಲ್ಲಿ 150ರಿಂದ 200 ಹರ್ಟ್ಜ್ ಕೆಳಗಿನದನ್ನು ಕತ್ತರಿಸಲು ಸೌಂಡ್‌ನವರಿಗೆ ಹೇಳಿ. ಆ ಜಾಗ ಬೇಸ್‌ಗೂ ಕಿಕ್ ಡ್ರಮ್‌ಗೂ ಮೀಸಲು.

13 ಪಿನ್ ಕೇಬಲ್ ಭಾರ. ಅದರ ತೂಕ ಪಿಕಪ್ ಪೆಟ್ಟಿಗೆಯ ಮೇಲೆ ಬೀಳದಂತೆ ಸ್ಟ್ರ್ಯಾಪ್‌ನ ಒಳಗಿಂದ ಒಂದು ಸುತ್ತು ತೆಗೆದು ಹಾಕಿ. ಇನ್ನೊಂದು ಕೇಬಲ್ ಬ್ಯಾಗ್‌ನಲ್ಲಿ ಇರಲೇಬೇಕು. ಇದು ಊರಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ವಸ್ತು ಅಲ್ಲ.

ಬಯಲು ಕಾರ್ಯಕ್ರಮಗಳಲ್ಲಿ ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಸಿಂಥ್ ಮತ್ತೆ ಮೊದಲಿಂದ ಶುರುವಾಗಬೇಕು. ಅಷ್ಟು ಹೊತ್ತು ಬೇಸ್ ಕೂಡ ಇರುವುದಿಲ್ಲ, ಯಾಕೆಂದರೆ ಅದೂ ಅದೇ ಕೇಬಲ್‌ನಲ್ಲಿ ಸಿಂಥ್ ಮೂಲಕವೇ ಹೋಗುತ್ತಿದೆ. ಆಂಪ್ ಪಕ್ಕದಲ್ಲಿ ಒಂದು ಮಾಮೂಲಿ ಕೇಬಲ್ ಸುತ್ತಿಟ್ಟಿರಿ. ಮೋಟು ಕೇಬಲ್ ಕಿತ್ತು, ಇದನ್ನು ಬೇಸ್‌ಗೆ ಚುಚ್ಚಿ ನೇರ ಆಂಪ್‌ಗೆ ಹಾಕಿದರೆ ಹಾಡು ನಿಲ್ಲುವುದಿಲ್ಲ. ಆಂಪ್ ವಾಲ್ಯೂಮ್ ಇಳಿಸಿಯೇ ಈ ಕೆಲಸ ಮಾಡಿ, ಇಲ್ಲದಿದ್ದರೆ ಢಬ್ ಅನ್ನುತ್ತದೆ.

ಹೀಗಾದರೆ ಇಲ್ಲಿ ನೋಡಿ

ಒಂದು ಮೀಟಿಗೆ ಎರಡು ಸಲ ಸ್ವರ ಬರುತ್ತಿದ್ದರೆ ಫ್ರೆಟ್ ಸದ್ದು ಇರಬೇಕು, ಇಲ್ಲವೇ ಪಿಕಪ್ ತೀರಾ ಹತ್ತಿರ ಇರಬೇಕು. ಆಯಸ್ಕಾಂತ ತಂತಿಯನ್ನು ಎಳೆದರೆ ಸ್ವರ ಅಲುಗುತ್ತದೆ, ಆಗಲೂ ಪಟ್ಟಿ ಇಳಿಸಿ. ಪಕ್ಕದ ತಂತಿ ತಾನಾಗಿ ನುಡಿದರೆ ಮೊದಲು ಕೈಯ ಮ್ಯೂಟಿಂಗ್ ನೋಡಿ, ಆಮೇಲೆ ತಂತಿ ಸೆನ್ಸರ್‌ನ ನಡುವೆ ಇದೆಯಾ ನೋಡಿ, ಕೊನೆಗೆ ಸೆನ್ಸಿಟಿವಿಟಿ. ಈ ಕ್ರಮದಲ್ಲೇ ಹುಡುಕಿದರೆ ಬೇಗ ಸಿಗುತ್ತದೆ. ಎಲ್ಲ ತಂತಿಗಳೂ ಒಟ್ಟಿಗೆ ಮೌನವಾದರೆ ಪಿಕಪ್‌ನ ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿದೆಯಾ, ಮೂರು ಸ್ಥಾನದ ಸ್ವಿಚ್ ಬರೀ ಬೇಸ್ ಕಡೆಗೆ ಸರಿದಿದೆಯಾ ಅಂತ ನೋಡಿ. ಸಿಂಥ್ ಒಂದೇ ಸಮ ಅರ್ಧ ಸ್ವರ ತಪ್ಪು ನುಡಿಯುತ್ತಿದ್ದರೆ ಬೇಸ್ ಶ್ರುತಿಯಲ್ಲಿಲ್ಲ, ಅಥವಾ ಯಾರೋ ಟ್ರಾನ್ಸ್‌ಪೋಸ್ ಮುಟ್ಟಿದ್ದಾರೆ.

ತಂತಿ ಬದಲಿಸಿದಾಗಲೆಲ್ಲ ಎಟಿಎಂ ಕಾರ್ಡ್ ಅಳತೆ, ಸೆನ್ಸಿಟಿವಿಟಿ ಎರಡನ್ನೂ ಮತ್ತೆ ಮಾಡಿ. ಹೊಸ ತಂತಿಯ ಗೇಜ್ ಒಂಚೂರು ಬೇರೆ ಇದ್ದರೂ ಹಳೆ ಹೊಂದಿಕೆ ನಡೆಯುವುದಿಲ್ಲ.